ಕೊಳಲು ನುಡಿಸುವವರು, ನಾಗಸ್ವರ ಊದುವವರು: ಯಾರಿಗೆ ಯಾವ ಕ್ರಿಯಾಪದ?

ಪದಬಲ್ಲ ಗೆಳೆಯರಿಗೆ ನಮಸ್ಕಾರ.

ನಮ್ಮ ಬಡಾವಣೆಯಲ್ಲಿ ಪ್ರೌಢಶಾಲೆಯ ಮಕ್ಕಳಿಗೂ ಅವರ ತಂದೆತಾಯಿಗೂ ಶಾಸ್ತ್ರೀಯ ಸಂಗೀತದ ಪರಿಚಯ ಮಾಡಿಕೊಡುವ ಒಂದು ಸಂಜೆಯ ಕಾರ್ಯಕ್ರಮವಿದೆ. ಈ ಸಲ ಕೊಳಲು, ನಾಗಸ್ವರ, ಶಹನಾಯಿ, ಕೊನೆಗೆ ಸ್ಯಾಕ್ಸೋಫೋನ್. ನಾಲ್ಕು ಪುಟದ ಕರಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿ, ಕಲಾವಿದರಿಗೆಲ್ಲ ಒಮ್ಮೆ ತೋರಿಸೋಣವೆಂದು ಹೊರಟೆ. ತೊಡಕು ಶುರುವಾದದ್ದು ಅಲ್ಲಿಂದ.

ಮೊದಲ ಪುಟದಲ್ಲಿ ‘ಆರಂಭದಲ್ಲಿ ನಾಗಸ್ವರ ಊದುತ್ತಾರೆ, ಅನಂತರ ವಿದ್ವಾಂಸರು ಕೊಳಲು ನುಡಿಸುತ್ತಾರೆ’ ಎಂದು ಬರೆದಿದ್ದೆ. ನಾಗಸ್ವರದ ಹಿರಿಯರು ಕನ್ನಡಕ ಏರಿಸಿ, ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದವರು ಅಲ್ಲಿ ನಿಂತರು. ‘ಏನು ಸ್ವಾಮಿ, ಅವರು ನುಡಿಸುತ್ತಾರೆ, ನಾನು ಊದುತ್ತೇನೆ. ಇಬ್ಬರದೂ ಉಸಿರೇ ಅಲ್ಲವೇ?’ ಎಂದರು. ಕೋಪವಿರಲಿಲ್ಲ, ಸಣ್ಣ ನಗೆಯೇ ಇತ್ತು. ನನಗೆ ಮಾತ್ರ ಕಾಫಿ ಗಂಟಲಿನಲ್ಲಿ ಇಳಿಯಲಿಲ್ಲ. ಬೇಕೆಂದು ಬರೆದದ್ದಲ್ಲ, ಕೈ ತಾನಾಗಿ ಬರೆದಿತ್ತು. ತಾನಾಗಿ ಬರೆದದ್ದೇ ಹೆಚ್ಚು ನಾಚಿಕೆಯ ಸಂಗತಿ.

ತಮಾಷೆಯೆಂದರೆ, ನಾನು ಏಳುವ ಹೊತ್ತಿಗೆ ಅವರಿಗೆ ಯಾರದೋ ಕರೆ ಬಂತು. ‘ನಾಳೆ ಬೆಳಗ್ಗೆ ಒಂದು ಮುಹೂರ್ತಕ್ಕೆ ಊದಬೇಕು, ಹತ್ತು ಗಂಟೆಯ ಮೇಲೆ ಸಿಗುತ್ತೇನೆ’ ಎಂದು ಹೇಳಿ ಇಟ್ಟರು. ಅವರ ಬಾಯಲ್ಲಿ ಆ ಪದಕ್ಕೆ ಯಾವ ಕುಂದೂ ಇರಲಿಲ್ಲ.

ಊದು ಕೀಳು ಪದವಂತೂ ಅಲ್ಲ. ದಾಸರ ಪದಗಳಲ್ಲಿ ಕೃಷ್ಣ ಕೊಳಲನ್ನು ಊದುತ್ತಾನೆ. ಪುಣ್ಯಕೋಟಿಯ ಕಥೆಯ ಗೊಲ್ಲ ಮಾವಿನ ಮರದ ಕೆಳಗೆ ಕುಳಿತು ಊದಿದ್ದೂ ಕೊಳಲನ್ನೇ. ಶಂಖವನ್ನು ಇವತ್ತಿಗೂ ಊದುತ್ತೇವೆ. ‘ಶಂಖ ನುಡಿಸಿದರು’ ಎಂದರೆ ಪೂಜೆಗೆ ಬಂದವರು ತಿರುಗಿ ನೋಡಿಯಾರು. ತಮಿಳು, ತೆಲುಗು, ಮಲಯಾಳಗಳಲ್ಲೂ ಇದೇ ಧಾತು ಇದೆ. ಆದರೆ ಅದೇ ಬಾಯಿ ಬೇರೆ ಕೆಲಸಗಳನ್ನೂ ಮಾಡುತ್ತದೆ. ನಮ್ಮ ಅಜ್ಜಿಯ ಒಲೆಯ ಪಕ್ಕದಲ್ಲಿ ಊದುಗೊಳವೆ ಇರುತ್ತಿತ್ತು: ಮೊಳದುದ್ದದ ಕಬ್ಬಿಣದ ಕೊಳವೆ, ಒಂದು ತುದಿ ಬೂದಿಯಿಂದ ಬೆಳ್ಳಗೆ, ಇನ್ನೊಂದು ತುದಿ ತುಟಿ ತಾಗಿ ತಾಗಿ ನುಣ್ಣಗೆ. (ಕೊಳವೆ, ಕೊಳಲು ಒಂದೇ ಬೇರಿನವು; ತಮಿಳಿನ ಕುಳಲ್ ಕೂಡ ಅವುಗಳ ಬಳಗ.) ಬೆಲೂನು ಊದುತ್ತೇವೆ, ಬಹಳ ಹೊತ್ತು ನಿಂತರೆ ಕಾಲು ಊದುತ್ತದೆ, ಯಾರನ್ನೋ ಹೊಗಳಿ ತುತ್ತೂರಿ ಊದುತ್ತೇವೆ. ರಾತ್ರಿ ಹೊತ್ತು ಅಡ್ಡರಸ್ತೆಯಲ್ಲಿ ಪೊಲೀಸರು ಗಾಡಿ ನಿಲ್ಲಿಸಿ ‘ಊದಿ’ ಎಂದರೆ ಅಲ್ಲಿ ಸಂಗೀತದ ಸುದ್ದಿಯಿರುವುದಿಲ್ಲ.

ನನ್ನ ಊಹೆ ಹೀಗೆ: ವಾದ್ಯ ಕಚೇರಿಯ ವೇದಿಕೆ ಹತ್ತಿದ ದಿನ ಅದರ ಕ್ರಿಯಾಪದ ಬದಲಾಗುತ್ತದೆ. ಕರ್ನಾಟಕ ಸಂಗೀತದಲ್ಲಿ ಕೊಳಲನ್ನು ಕಚೇರಿಯ ವಾದ್ಯವಾಗಿಸಿದ ಹೆಸರು ಕುಂಭಕೋಣದ ಶರಭ ಶಾಸ್ತ್ರಿಗಳದು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಮುಂದೆ ಮಾಲಿ ಎಂದೇ ಹೆಸರಾದ ಟಿ. ಆರ್. ಮಹಾಲಿಂಗಂ (1926–1986) ಬಂದರು. ಅತ್ತ ಹಿಂದೂಸ್ತಾನಿಯಲ್ಲಿ ಪನ್ನಾಲಾಲ್ ಘೋಷ್. ಹೀಗಾಗಿ ಕೃಷ್ಣ ಊದಿದ, ಮಾಲಿ ನುಡಿಸಿದರು. ನಾಗಸ್ವರಕ್ಕೂ ಟಿ. ಎನ್. ರಾಜರತ್ನಂ ಪಿಳ್ಳೆಯಂಥವರು ಕಚೇರಿಯ ಗೌರವ ತಂದರು, ಆದರೆ ಅದು ದೇವಸ್ಥಾನ ಮತ್ತು ಮದುವೆ ಮಂಟಪದ ಕೆಲಸವನ್ನು ಬಿಡಲಿಲ್ಲ. ನಮ್ಮ ಕಿವಿಯಲ್ಲಿ ಊದು ಉಳಿದುಹೋಯಿತು. ಜಾತಿಯ ಲೆಕ್ಕವೂ ಇದರೊಳಗಿದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಸ್ಯಾಕ್ಸೋಫೋನ್ ಇನ್ನೂ ಸ್ವಾರಸ್ಯದ್ದು. ಕದ್ರಿ ಗೋಪಾಲನಾಥರು (1949–2019) ನಾಗಸ್ವರದ ಮನೆತನದವರು, ಅವರಿಗೆ ಆ ವಾದ್ಯದ ಆಸೆ ಹತ್ತಿದ್ದು ಮೈಸೂರು ಅರಮನೆಯ ಬ್ಯಾಂಡಿನಿಂದ. ಬ್ಯಾಂಡಿನವರು ಊದುತ್ತಿದ್ದರು, ಗೋಪಾಲನಾಥರು ನುಡಿಸಿದರು. ವಾದ್ಯ ಅದೇ.

ನುಡಿಸು ಎಷ್ಟು ಒಳ್ಳೆಯ ಪದ ನೋಡಿ. ನುಡಿಯುವುದು ವಾದ್ಯ, ನುಡಿಯುವಂತೆ ಮಾಡುವವರು ಕಲಾವಿದರು. ತಮಿಳರು ಇದೇ ಜಾಗದಲ್ಲಿ ‘ವಾಸಿ’ ಎನ್ನುತ್ತಾರೆ, ಪುಸ್ತಕ ಓದುವುದಕ್ಕೂ ಅವರಿಗೆ ಅದೇ ಪದ. ನಾಗಸ್ವರದವರಿಗಂತೂ ನುಡಿಸುವುದು ಬರಿಯ ಅಲಂಕಾರದ ಮಾತಲ್ಲ: ನಾಲಗೆಯಿಂದ ‘ತು, ತು’ ಎಂದು ಉಸಿರನ್ನು ತಡೆದು ಬಿಟ್ಟು ಸ್ವರಗಳನ್ನು ಬಿಡಿಸುತ್ತಾರೆ, ಅದಕ್ಕೆ ತುತ್ತುಕಾರ ಎಂದೇ ಹೆಸರು. ನಮ್ಮ ಹಿರಿಯರು ಅದನ್ನು ನನಗೆ ಮಾಡಿ ತೋರಿಸಿದರು. ಪುಟ್ಟ ಡಬ್ಬಿಯಿಂದ ಸೀವಾಳಿ (ತುಟಿಗಿಟ್ಟು ಊದುವ ಪೀಪಿ) ತೆಗೆದು ಬಾಯಲ್ಲಿಟ್ಟು ನೆನೆಸಿ, ವಾದ್ಯದ ತುದಿಗೆ ಸಿಕ್ಕಿಸಿ, ಮೊದಲು ಒಂದು ಸ್ವರವನ್ನು ಸುಮ್ಮನೆ ಎಳೆದರು. ಕಿಟಕಿಯ ಗಾಜು ನಡುಗಿತು. ಆಮೇಲೆ ಅದೇ ಸ್ವರವನ್ನು ನಾಲಗೆಯಿಂದ ತುಂಡರಿಸಿ ತುಂಡರಿಸಿ ಕೊಟ್ಟರು. ಅಕ್ಷರ ಕೇಳಿಸಿದಂತಾಯಿತು, ಆಣೆಯಿಟ್ಟು ಹೇಳುತ್ತೇನೆ.

ಬಾರಿಸು ಎಂಬ ಇನ್ನೊಂದು ಪದವನ್ನೂ ಇಲ್ಲಿ ಎಳೆಯಬೇಕು. ಧಾರವಾಡದ ಕಡೆಯ ಗೆಳೆಯರು ಪೇಟಿ (ಹಾರ್ಮೋನಿಯಂ) ಬಾರಿಸುತ್ತಾರೆ, ಕೊಳಲೂ ಬಾರಿಸುತ್ತಾರೆ, ಸನಾದಿಯನ್ನೂ (ಶಹನಾಯಿ) ಬಾರಿಸುತ್ತಾರೆ. ಹಳೆಯ ಮೈಸೂರಿನ ಕಿವಿಗೆ ಅದು ಗಂಟೆ, ಡೋಲು, ಇಲ್ಲವೇ ಕೆನ್ನೆಯ ಮೇಲಿನ ಏಟು. ಮರಾಠಿ, ಹಿಂದಿಗಳ ನೆರೆಯಿಂದ ಹೀಗಾಗಿದೆ ಎಂದು ಕೆಲವರು ತಳ್ಳಿಹಾಕುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಕೋಣನ ಮುಂದೆ ಕಿನ್ನರಿಯನ್ನು ದಕ್ಷಿಣದವರೂ ಬಾರಿಸಿಯೇ ಬಾರಿಸುತ್ತೇವೆ, ಕಿನ್ನರಿ ತಂತಿವಾದ್ಯ! ಎಲ್ಲ ವಾದ್ಯಕ್ಕೂ ಸಲ್ಲುತ್ತಿದ್ದ ಪದವನ್ನು ಕೈತಪ್ಪಿಸಿಕೊಂಡವರು ನಾವು ದಕ್ಷಿಣದವರೇ ಇರಬಹುದು.

ಇನ್ನು ಈ ವಾದ್ಯಗಳಿಗೆಲ್ಲ ಒಟ್ಟಾಗಿ ಏನೆನ್ನುವುದು? ಭರತನ ನಾಟ್ಯಶಾಸ್ತ್ರದ ವಿಂಗಡಣೆಯಂತೆ ವಾದ್ಯಗಳು ನಾಲ್ಕು ಬಗೆ: ತತ (ತಂತಿಯವು), ಅವನದ್ಧ (ಚರ್ಮ ಬಿಗಿದವು), ಘನ (ತಾಳದಂಥವು), ಸುಷಿರ (ನಮ್ಮ ಈ ವಾದ್ಯಗಳು). (ಶುಷಿರ ಎಂದು ಬರೆದರೂ ತಪ್ಪಿಲ್ಲ.) ಸುಷಿರವೆಂದರೆ ಪೊಳ್ಳಾದದ್ದು, ತೂತುಳ್ಳದ್ದು, ಅದರಲ್ಲಿ ಗಾಳಿಯ ಮಾತೇ ಇಲ್ಲ. ಕರಪತ್ರದಲ್ಲಿ ‘ಸುಷಿರವಾದ್ಯಗಳು’ ಎಂದು ಬರೆದದ್ದನ್ನು ನೋಡಿ ಎಂಟನೆಯ ತರಗತಿಯ ನನ್ನ ಮಗಳು ‘ಅಪ್ಪಾ, ಇದು ಯಾವುದಾದರೂ ಊರಿನ ಹೆಸರೇ?’ ಎಂದಳು. ‘ಊದುವ ವಾದ್ಯ’ ಎನ್ನೋಣವೆಂದರೆ ಹಾರ್ಮೋನಿಯಂ ಹೊರಗೆ ಉಳಿಯುತ್ತದೆ; ಅದರ ಉಸಿರು ತಿದಿಯಿಂದ ಬರುವುದು, ಬಾಯಿಯಿಂದಲ್ಲ. ಶ್ರುತಿಪೆಟ್ಟಿಗೆಯ ಕಥೆಯೂ ಅದೇ. ‘ಗಾಳಿವಾದ್ಯ’ ಎಲ್ಲವನ್ನೂ ಒಳಗೊಳ್ಳುತ್ತದೆ, ತಂತಿವಾದ್ಯ, ಚರ್ಮವಾದ್ಯಗಳ ಪಕ್ಕದಲ್ಲಿ ಸರಿಯಾಗಿ ಕೂರುತ್ತದೆ. ನನ್ನ ಮತ ಅದಕ್ಕೆ.

ಓಲಗದ ಬಗ್ಗೆ ಒಂದೇ ಮಾತು. ರಾಜನ ಸಭೆಯ ಹೆಸರು (ಯಕ್ಷಗಾನದ ಒಡ್ಡೋಲಗ ನೆನೆಯಿರಿ) ಮದುವೆ ಮನೆಯ ವಾಲಗವಾದ ದಾರಿ ಸೇವೆಯ ಅರ್ಥದ ಮೂಲಕ ಬಂದಿರಬೇಕು. ತಿಳಿದವರು ಹಳೆಯ ಪ್ರಯೋಗಗಳನ್ನು ಕೊಟ್ಟರೆ ಉಪಕಾರ.

ನನ್ನ ಪ್ರಶ್ನೆಗಳು: ನಿಮ್ಮ ಊರಿನಲ್ಲಿ ನಾಗಸ್ವರಕ್ಕೆ, ಶಹನಾಯಿಗೆ, ಕೊಳಲಿಗೆ ಯಾವ ಕ್ರಿಯಾಪದ? ಬಾರಿಸು ಯಾವ ಜಿಲ್ಲೆಯವರೆಗೆ ಕೊಳಲಿಗೆ ಸಲ್ಲುತ್ತದೆ, ಎಲ್ಲಿಂದಾಚೆ ನಗು ಬರಿಸುತ್ತದೆ? ಗೌರವದ ಬರಹದಲ್ಲಿ ಊದು ಉಳಿಸಿಕೊಂಡಿರುವ ಪತ್ರಿಕೆ, ಆಹ್ವಾನಪತ್ರಿಕೆಗಳು ನಿಮ್ಮ ಬಳಿ ಇವೆಯೇ?

ಕರಪತ್ರ ಶನಿವಾರ ಅಚ್ಚಿಗೆ ಹೋಗುತ್ತದೆ. ಸದ್ಯಕ್ಕೆ ನಾಲ್ವರಿಗೂ ‘ನುಡಿಸುತ್ತಾರೆ’ ಎಂದು ತಿದ್ದಿಟ್ಟಿದ್ದೇನೆ. ಹಿರಿಯರಿಗೆ ಫೋನಿನಲ್ಲಿ ಓದಿ ಹೇಳಿದಾಗ ‘ಆಗಲಿ, ಚೆನ್ನಾಗಿದೆ’ ಎಂದವರು ತಡೆದು, ‘ನಾನು ಎಷ್ಟು ಹೊತ್ತು ಊದಬೇಕು, ಅದನ್ನು ಹೇಳಲಿಲ್ಲವಲ್ಲ?’ ಎಂದು ಕೇಳಿದರು.