ಸೋಲೊಪ್ಪದೆ ಸೋತದ್ದಕ್ಕೆ ಕನ್ನಡದಲ್ಲಿ ಏನೆನ್ನಬೇಕು?

ಬಲ್ಲವರಿಗೆ ನಮಸ್ಕಾರ.

ಒಂದು ಪದ ಬೇಕಾಗಿದೆ. ಅದು ಎಲ್ಲಿ ಬೇಕು, ಏಕೆ ಬೇಕು ಎಂದು ಹೇಳಲು ತುಸು ಸುತ್ತಿ ಬರಬೇಕಾಗುತ್ತದೆ. ಅವಸರದಲ್ಲಿರುವವರು ಕೊನೆಯ ಮೂರು ಪ್ಯಾರಾಗಳನ್ನು ಓದಿದರೂ ನಡೆಯುತ್ತದೆ.

ನಾನಿರುವುದು ನಾಪೋಕ್ಲು ಕಡೆಯ ಒಂದು ಕಾಫಿ ತೋಟದಲ್ಲಿ. ಕೆಲಸ ರೈಟರ್. ಕೊಡಗಿನ ಆಚೆಯವರಿಗೆ ಈ ಮಾತು ಲೇಖಕ ಎಂದು ಕೇಳಿಸೀತು. ಇಲ್ಲಿ ತೋಟದ ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ ಬರೆಯುವವನೇ ರೈಟರ್. ಸಂಜೆಯ ಹೊತ್ತಿನ ಹುಚ್ಚು ಬೇರೆ: ಚದುರಂಗ ಆಡುವ ಕಂಪ್ಯೂಟರ್ ಪ್ರೋಗ್ರಾಮ್‌ಗಳನ್ನು ಒಂದಕ್ಕೊಂದು ಎದುರು ಕೂರಿಸಿ ಆಡಿಸುವುದು. ಈ ಮಳೆಗಾಲದಲ್ಲಿ ಪೊನ್ನಂಪೇಟೆ ಕಡೆಯ ಆರು ವಿದ್ಯಾರ್ಥಿಗಳು ತಾವೇ ಬರೆದ ಪ್ರೋಗ್ರಾಮ್‌ಗಳನ್ನು ತಂದುಕೊಟ್ಟರು. ಅಳತೆಗೋಲಾಗಿ ಇರಲಿ ಎಂದು ಹಳೆಯ ಎರಡು ಸಿದ್ಧ ಪ್ರೋಗ್ರಾಮ್‌ಗಳನ್ನೂ ಸೇರಿಸಿದೆ. ಒಟ್ಟು ಎಂಟು. ಫಲಿತಾಂಶದ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಗ್ರಂಥಾಲಯದ ಗೋಡೆಗೆ ಅಂಟಿಸುತ್ತೇನೆ ಎಂದು ಮಾತು ಕೊಟ್ಟದ್ದೇ ಈಗಿನ ಫಜೀತಿಗೆ ಮೂಲ.

ಮೊದಲ ಎಡವು 'ಎಂಜಿನ್'. ಚದುರಂಗದ ಪ್ರೋಗ್ರಾಮ್‌ಗೆ ಜಗತ್ತಿನಾದ್ಯಂತ ಇದೇ ಹೆಸರು. "ರಾತ್ರಿಯಿಡೀ ಎಂಜಿನ್ ಓಡಿಸಿದೆ" ಎಂದು ಪಕ್ಕದ ತೋಟದ ಹಿರಿಯರ ಹತ್ತಿರ ಹೇಳಿದೆ. ಅವರು ಕೊಡೆ ಮಡಚುವುದನ್ನು ಅರ್ಧಕ್ಕೆ ನಿಲ್ಲಿಸಿ, "ಈ ಮಳೆಯಲ್ಲಿ ಎಂಜಿನ್ ಯಾಕೆ ರೈಟರೇ?" ಎಂದರು. ಅವರ ಆಶ್ಚರ್ಯ ನ್ಯಾಯವಾದದ್ದೇ. ನಮ್ಮ ಜಿಲ್ಲೆಗೆ ರೈಲು ಬಂದಿಲ್ಲವಾದ್ದರಿಂದ ರೈಲಿನ ಎಂಜಿನ್ ಯಾರ ಮನಸ್ಸಿಗೂ ಬರುವುದಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವರಳಿಸುವ ಹೂಮಳೆ ಕೈಕೊಟ್ಟರೆ ಕೆರೆಯ ದಡಕ್ಕೆ ಇಳಿಸಿ ಸ್ಪ್ರಿಂಕ್ಲರ್‌ಗೆ ನೀರು ಹತ್ತಿಸುವ ಡೀಸೆಲ್ ಪಂಪು, ಅದು ಇಲ್ಲಿನ ಎಂಜಿನ್. ಹಾಗೆಂದು ನಾನು ಪದ ಬದಲಿಸಲಿಲ್ಲ. 'ಚದುರಂಗ ಯಂತ್ರ' ಎಂದರೆ ಕಬ್ಬಿಣದ ಪೆಟ್ಟಿಗೆ ಕಣ್ಣಿಗೆ ಬರುತ್ತದೆ, 'ಆಟಗಾರ ತಂತ್ರಾಂಶ' ಎಂದರೆ ಸರ್ಕಾರಿ ಸುತ್ತೋಲೆ. ಎಂಜಿನ್ ಎಂಜಿನ್ನಾಗಿಯೇ ಉಳಿಯಲಿ.

ಎರಡನೆಯದು 'ಪಂದ್ಯ'. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ಐಬಿಎಂನ ಚದುರಂಗದ ಕಂಪ್ಯೂಟರ್ ಡೀಪ್ ಬ್ಲೂ ಮತ್ತು ಆಗಿನ ವಿಶ್ವ ಚಾಂಪಿಯನ್ ಗ್ಯಾರಿ ಕಾಸ್ಪರೋವ್ ಆರು ಆಟ ಆಡಿದರು. ಮೊದಲನೆಯದನ್ನು ಕಾಸ್ಪರೋವ್ ಗೆದ್ದರು; ಒಟ್ಟು ಲೆಕ್ಕದಲ್ಲಿ 3.5–2.5ರಿಂದ ಡೀಪ್ ಬ್ಲೂ ಗೆದ್ದಿತು. ಇದನ್ನು ನಮ್ಮ ಪತ್ರಿಕಾ ಭಾಷೆಯಲ್ಲಿ ಬರೆದರೆ 'ಪಂದ್ಯ ಗೆದ್ದ ಕಾಸ್ಪರೋವ್ ಪಂದ್ಯ ಸೋತರು' ಎಂದಾಗುತ್ತದೆ. ನಾನು ಒಂಟಿ ಆಟಕ್ಕೆ 'ಆಟ' ಎಂದೂ ಇಬ್ಬರ ನಡುವಿನ ಆಟಗಳ ಕಂತೆಗೆ 'ಪಂದ್ಯ' ಎಂದೂ ಗೆರೆ ಎಳೆದಿದ್ದೇನೆ. ಇಡೀ ಕೂಟಕ್ಕೆ ಪಂದ್ಯಾವಳಿ, ಟೂರ್ನಿ, ಪಂದ್ಯಾಟ ಎಂಬ ಮೂರೂ ಓಡಾಡುತ್ತಿವೆ. ಕರಾವಳಿಯಲ್ಲೂ ನಮ್ಮಲ್ಲೂ 'ಪಂದ್ಯಾಟ' ಹೆಚ್ಚು ಕಿವಿಗೆ ಬೀಳುವುದರಿಂದ ಅದನ್ನೇ ಆರಿಸಿದೆ. 'ಪಂದ್ಯ ಕಟ್ಟು' ಎಂದರೆ ಬಾಜಿ ಕಟ್ಟುವುದು ಎಂಬ ಹಳೆಯ ಅರ್ಥ ಇನ್ನೂ ಜೀವಂತವಾಗಿದೆ ಎಂಬುದು ನನಗೆ ಗೊತ್ತು. ಎಂಜಿನ್‌ಗಳಿಗೆ ಕಟ್ಟಲು ಏನೂ ಇಲ್ಲ. ಕಟ್ಟುವವರು ನೋಡುತ್ತ ಕುಳಿತ ಹುಡುಗರು, ಅದೂ ಒಂದು ಪ್ಲೇಟು ಪುಟ್ಟು ತಿಂಡಿಗೆ.

ಪಂದ್ಯಾಟದ ಬಗೆಗಳಿಗೆ ಹೆಸರಿಡುವುದು ಸುಲಭವಾಯಿತು, ಏಕೆಂದರೆ ಕೊಡಗಿನವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅದೇ 1997ರಲ್ಲಿ ಕರಡದಲ್ಲಿ ಪಾಂಡಂಡ ಕಪ್‌ನಿಂದ ಶುರುವಾದ ಕೊಡವ ಕುಟುಂಬಗಳ ಹಾಕಿಯಲ್ಲಿ 60 ಕುಟುಂಬಗಳು ಆಡಿದ್ದವು. ಅರವತ್ತು ತಂಡವನ್ನು ನಾಕೌಟ್‌ನಲ್ಲಿ ಆಡಿಸಿದರೆ 59 ಪಂದ್ಯಕ್ಕೆ ಗೆದ್ದವರು ಸಿಗುತ್ತಾರೆ. ಎಲ್ಲರೊಡನೆ ಎಲ್ಲರನ್ನೂ ಆಡಿಸಿದರೆ 1770. ಮನುಷ್ಯರಿಗೆ ಅದು ಆಗದ ಮಾತು, ಎಂಜಿನ್‌ಗಳಿಗೆ ಆಗುತ್ತದೆ. ಅವಕ್ಕೆ ಊಟ ಹಾಕಬೇಕಿಲ್ಲ, ಗಾಯವಾಗುವುದಿಲ್ಲ. ನಮ್ಮ ಎಂಟರಲ್ಲಿ 28 ಜೋಡಿ. ಪ್ರತಿ ಜೋಡಿಗೆ ಹತ್ತು ಬೇರೆ ಬೇರೆ ಆರಂಭ (ಅಂದರೆ ಆಟದ ಮೊದಲ ಕೆಲವು ನಡೆಗಳು), ಪ್ರತಿ ಆರಂಭವನ್ನೂ ಬಣ್ಣ ಬದಲಿಸಿ ಎರಡು ಸಲ. ಒಟ್ಟು 560 ಆಟ. ಆರಂಭವನ್ನು ನಾವೇ ಕೊಡದಿದ್ದರೆ ಎಷ್ಟೋ ಎಂಜಿನ್‌ಗಳು ಒಂದೇ ಆಟವನ್ನು ಗಿಳಿಪಾಠದಂತೆ ಮತ್ತೆ ಮತ್ತೆ ಒಪ್ಪಿಸುತ್ತವೆ. ಒಂದೇ ಎಂಜಿನ್ ಉಳಿದೆಲ್ಲವನ್ನೂ ಎದುರಿಸಿ, ಉಳಿದವು ತಮ್ಮತಮ್ಮೊಳಗೆ ಆಡದಿರುವ ಇನ್ನೊಂದು ಬಗೆಯೂ ಇದೆ. ಹುಡುಗರು ಅದಕ್ಕೆ 'ಅಭಿಮನ್ಯು ಸುತ್ತು' ಎಂದು ಹೆಸರಿಟ್ಟರು. ಚೆನ್ನಾಗಿದೆ, ಆದರೆ ಗೆದ್ದರೂ ಅಭಿಮನ್ಯುವೇ?

ಈಗ ಮುಖ್ಯ ಮಾತಿಗೆ ಬರುತ್ತೇನೆ.

ಎಂಜಿನ್‌ಗೆ ಮಣೆಯಿಲ್ಲ, ಗಡಿಯಾರವಿಲ್ಲ, ಎದುರಾಳಿ ಯಾರೆಂಬ ಅರಿವೂ ಇಲ್ಲ. ಸ್ಥಿತಿಯನ್ನು ಕೊಟ್ಟರೆ ನಡೆಯನ್ನು ಹಿಂದಿರುಗಿಸುತ್ತದೆ, ಅಷ್ಟೆ. ಎರಡರ ನಡುವೆ ಕುಳಿತು ಇದರ ನಡೆಯನ್ನು ಅದಕ್ಕೆ ತಲುಪಿಸುವ, ಸಮಯ ನೋಡುವ, ಫಲಿತಾಂಶ ಬರೆಯುವ ಮೂರನೆಯ ತಂತ್ರಾಂಶವೊಂದು ಇರುತ್ತದೆ. ನಾನು ಬಳಸುವುದು ಕ್ಯೂಟ್‌ಚೆಸ್. ಕನ್ನಡಕ್ಕೆ ಇಲ್ಲಿ ಒಂದು ಸುಖವಿದೆ: ಎಂಜಿನ್ 'ಆಡುತ್ತದೆ', ಇದು 'ಆಡಿಸುತ್ತದೆ'. ಒಂದು 'ಇಸು' ಹಚ್ಚಿದರೆ ಸಂಬಂಧವೆಲ್ಲ ತಿಳಿಯಾಗುತ್ತದೆ.

ಆಡಿಸುವ ತಂತ್ರಾಂಶಕ್ಕೆ ಇನ್ನೊಂದು ಅಧಿಕಾರವನ್ನೂ ಕೊಡಬಹುದು. ಎಂಜಿನ್ ಪ್ರತಿ ನಡೆಯ ಜೊತೆಗೆ ತನ್ನ ಸ್ಥಿತಿ ಎಷ್ಟು ಒಳ್ಳೆಯದು ಅಥವಾ ಕೆಟ್ಟದ್ದು ಎಂಬ ಅಂಕಿಯನ್ನೂ ಹೇಳುತ್ತದೆ. ಅಳತೆಯ ಮೂಲಮಾನ ಒಂದು ಕಾಲಾಳಿನ ನೂರನೇ ಒಂದು ಪಾಲು. 'ಯಾವ ಎಂಜಿನ್ ತಾನು 600 ಪಾಲು ಹಿಂದಿದ್ದೇನೆ ಎಂದು ಸತತ ಮೂರು ನಡೆ ಹೇಳುತ್ತದೋ ಅದು ಸೋತಂತೆ, ಆಟ ನಿಲ್ಲಿಸು' ಎಂದು ನಾನು ಬರೆದಿಟ್ಟಿದ್ದೆ. ನಲವತ್ತನೇ ನಡೆಯ ನಂತರ ಎರಡೂ ಕಡೆಯ ಅಂಕಿ ಎಂಟು ನಡೆಗಳ ಕಾಲ ಸೊನ್ನೆಯ ಆಸುಪಾಸಿನಲ್ಲೇ ಇದ್ದರೆ ಡ್ರಾ ಎಂದೂ. ಹೀಗೆ ಮಾಡದಿದ್ದರೆ 560 ಆಟ ಮುಗಿಯುವುದು ಯಾವಾಗ? ಒಂದು ಆಟಕ್ಕೆ ಆರೇಳು ನಿಮಿಷ ಎಂದರೂ ಎರಡೂವರೆ ದಿನ ಬೇಕು, ಅದೂ ಆಷಾಢದ ಕರೆಂಟನ್ನು ನಂಬಿ.

ಪಟ್ಟಿಯಲ್ಲಿ 'ಮುಕ್ತಾಯ' ಎಂಬ ಒಂದು ಕಾಲಂ ಇದೆ. ಹೀಗೆ ನಿಂತ ಆಟಗಳ ಎದುರು 'ಸೋಲೊಪ್ಪಿಕೊಂಡಿತು' ಎಂದು ಬರೆದೆ. ಅದನ್ನು ನೋಡಿದ ಒಬ್ಬ ಹುಡುಗಿ ನೇರವಾಗಿ ಬಂದು, "ಸರ್, ನನ್ನ ಎಂಜಿನ್ ಸೋಲೊಪ್ಪಿಕೊಂಡಿಲ್ಲ. ಒಪ್ಪಿಕೊಳ್ಳುವ ಸಾಲನ್ನೇ ನಾನು ಬರೆದಿಲ್ಲ" ಎಂದಳು.

ಅವಳ ಮಾತು ಅಕ್ಷರಶಃ ನಿಜ. ಎಂಜಿನ್‌ಗಳೂ ಆಡಿಸುವ ತಂತ್ರಾಂಶಗಳೂ ಮಾತಾಡಿಕೊಳ್ಳಲು ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು 2000ದಲ್ಲಿ ಬಂದ ಯುಸಿಐ ಎಂಬ ಒಪ್ಪಂದ. ಅದರಲ್ಲಿ ಸೋಲೊಪ್ಪಿಕೊಳ್ಳಲಿಕ್ಕಾಗಲಿ ಡ್ರಾ ಕೇಳಲಿಕ್ಕಾಗಲಿ ಒಂದು ಆಜ್ಞೆಯೇ ಇಲ್ಲ. ಅದಕ್ಕಿಂತ ಹಳೆಯದಾದ ಎಕ್ಸ್‌ಬೋರ್ಡ್ ಒಪ್ಪಂದದಲ್ಲಿ ಎರಡೂ ಇದ್ದವು. ಅಂದರೆ ಆಗಿನ ಎಂಜಿನ್ ಕೈ ಮುಗಿಯಬಲ್ಲದಾಗಿತ್ತು, ಈಗಿನದಕ್ಕೆ ಬಾಯೇ ಇಲ್ಲ. ಬಾಯಿಲ್ಲದ್ದು ಒಪ್ಪಿಕೊಂಡಿತು ಎಂದು ಬರೆದರೆ ಅದು ಪೊಲೀಸ್ ಠಾಣೆಯ ಹೇಳಿಕೆಯಂತಾಗುತ್ತದೆ.

ನಾನೂ ಸುಮ್ಮನೆ ಬಿಡಲಿಲ್ಲ. "ಆರು ಕಾಲಾಳಿನಷ್ಟು ಹಿಂದಿದ್ದೇನೆ ಎಂದು ಅದೇ ಮೂರು ಸಲ ಹೇಳಿದೆಯಲ್ಲಮ್ಮ?" ಎಂದೆ. ಅದಕ್ಕೆ ಅವಳು, "ನೀವು ಶನಿವಾರ ಶನಿವಾರ ಮಾಲೀಕರಿಗೆ ಲೆಕ್ಕ ಒಪ್ಪಿಸುತ್ತೀರಿ. ನಷ್ಟದ ಲೆಕ್ಕ ಒಪ್ಪಿಸಿದ ಮಾತ್ರಕ್ಕೆ ತೋಟ ಮಾರಲು ಒಪ್ಪಿದಂತೆಯೇ?" ಎಂದಳು. ಒಪ್ಪಿಸುವುದು ಬೇರೆ, ಒಪ್ಪುವುದು ಬೇರೆ. ಮೂವತ್ತು ವರ್ಷ ಲೆಕ್ಕ ಒಪ್ಪಿಸಿದವನಿಗೆ ಈ ವ್ಯತ್ಯಾಸವನ್ನು ಹತ್ತೊಂಬತ್ತರ ಹುಡುಗಿ ಹೇಳಿಕೊಡಬೇಕಾಯಿತು.

ಮನುಷ್ಯರ ಆಟದಲ್ಲಿ 'ಸೋಲೊಪ್ಪಿಕೊಂಡ' ಎಂಬುದು ಎಷ್ಟು ಸರಿಯಾದ ಪದ ಎಂದು ಆಮೇಲೆ ಹೊಳೆಯಿತು. ಮತ್ತೆ 1997ಕ್ಕೇ ಹೋಗುವುದಾದರೆ, ಎರಡನೆಯ ಆಟದಲ್ಲಿ ಕಾಸ್ಪರೋವ್ ಸೋಲೊಪ್ಪಿಕೊಂಡು ಎದ್ದರು. ಆ ಸ್ಥಿತಿಯಲ್ಲಿ ಡ್ರಾಗೆ ದಾರಿಯಿತ್ತು ಎಂದು ವಿಶ್ಲೇಷಕರು ಆಮೇಲೆ ತೋರಿಸಿದರು. ಸೋತಿರಲಿಲ್ಲವೇನೋ, ಒಪ್ಪಿಕೊಂಡಿದ್ದಂತೂ ಹೌದು. ನಮ್ಮ ಎಂಜಿನ್‌ನದು ತಿರುಗುಮುರುಗು: ಒಪ್ಪಿಕೊಳ್ಳಲಿಲ್ಲ, ಸೋತಿತು ಎಂದು ನಾವು ಬರೆದುಕೊಂಡೆವು.

ಹಾಗಾದರೆ 'ತೀರ್ಪು' ಎನ್ನೋಣವೇ? 1994ರ ಪಿಜಿಎನ್ ಎಂಬ ಆಟ-ದಾಖಲೆಯ ಮಾನಕದಲ್ಲಿ ಮುಕ್ತಾಯದ ಕಾರಣಗಳ ಒಂದು ಪಟ್ಟಿಯೇ ಇದೆ. ಸಹಜ, ಸಮಯ ಮೀರಿದ್ದು, ನಿಯಮಭಂಗ, ಕೈಬಿಟ್ಟದ್ದು, ತುರ್ತು ಪರಿಸ್ಥಿತಿ, ಮೂರನೆಯವರು ತೀರ್ಮಾನಿಸಿದ್ದು, ಇನ್ನೂ ಮುಗಿಯದ್ದು, ಕೊನೆಗೆ ಆಟಗಾರನ ಮರಣವೂ ಕೂಡ. ನಮ್ಮ ಕರೆಂಟು ಹೋದ ಆಟಗಳನ್ನೆಲ್ಲ 'ತುರ್ತು ಪರಿಸ್ಥಿತಿ'ಗೆ ಹಾಕಿ ಸಂತೋಷಪಟ್ಟೆ. ಮೂರನೆಯವರ ತೀರ್ಮಾನಕ್ಕೆ 'ತೀರ್ಪು' ಎಂದು ಬರೆಯಲು ಹೊರಟೆ. 'ತೀರು' ಧಾತುವಿನಿಂದ ಬಂದದ್ದು, ಬೇರಿನಲ್ಲಿ 'ಮುಗಿದದ್ದು' ಎಂದಷ್ಟೇ ಅರ್ಥ, ಹೊಂದುತ್ತದೆ. ಆದರೆ ಬಳಕೆಯಲ್ಲಿ ತೀರ್ಪು ಎಂದರೆ ಎರಡೂ ಕಡೆ ಕೇಳಿ, ತೂಗಿ, ಸರಿ ಯಾವುದೆಂದು ಹೇಳಿದ ಮಾತು. ಆಡಿಸುವ ತಂತ್ರಾಂಶ ಏನನ್ನೂ ತೂಗುವುದಿಲ್ಲ. ಗೆರೆ ದಾಟಿತೇ ಎಂದು ಎಣಿಸುತ್ತದೆ, ಅಷ್ಟೆ.

ಎಣಿಕೆ ತಪ್ಪಬಹುದು ಎಂಬುದಕ್ಕೂ ಸಾಕ್ಷಿ ಸಿಕ್ಕಿತು. ಹುಡುಗಿಯ ಒತ್ತಾಯಕ್ಕೆ ಆ ಆಟವನ್ನು ನಿಂತಲ್ಲಿಂದಲೇ ಮುಂದುವರಿಸಿ ಆಡಿಸಿದೆ. ಒಂದು ಆನೆ, ಒಂದು ಕಾಲಾಳು ಹೆಚ್ಚಿದ್ದ ಎದುರಾಳಿ ಎಂಜಿನ್‌ಗೆ ಗೆಲ್ಲುವುದು ಹೇಗೆಂದೇ ತಿಳಿಯಲಿಲ್ಲ. ಆನೆಯನ್ನು ಅತ್ತಿಂದಿತ್ತ ಸರಿಸುತ್ತ ಕುಳಿತು, ಒಂದೇ ಸ್ಥಿತಿ ಮೂರು ಸಲ ಬಂದು ಡ್ರಾ ಆಯಿತು. ಗೆರೆಯನ್ನು ನಾನು ಬಲಿತ ಎಂಜಿನ್‌ಗಳ ಅಂದಾಜಿನಲ್ಲಿ ಹಾಕಿದ್ದೆ, ತಪ್ಪು ನನ್ನದೇ. ಪಟ್ಟಿಯಲ್ಲಿ ಅವಳಿಗೆ ಅರ್ಧ ಅಂಕ ಸೇರಿಸಿದ್ದೇನೆ.

ತೀರ್ಪು ಎಂಬ ಪದ ನಿಜವಾಗಿ ಸಲ್ಲುವ ಜಾಗವೊಂದಿದೆ. ಮಣೆಯಲ್ಲಿ ರಾಜರಿಬ್ಬರೂ ಸೇರಿ ಏಳು ಅಥವಾ ಅದಕ್ಕಿಂತ ಕಡಿಮೆ ಕಾಯಿ ಉಳಿದಾಗ ಫಲಿತಾಂಶ ಏನಾಗಬೇಕೆಂಬುದನ್ನು ಪೂರ್ತಿ ಲೆಕ್ಕ ಹಾಕಿಟ್ಟ ಕೋಷ್ಟಕಗಳಿವೆ. ನನ್ನ ಕಂಪ್ಯೂಟರ್‌ನಲ್ಲಿರುವುದು ಐದು ಕಾಯಿಗಳವರೆಗಿನದು, ಒಂದು ಜಿಬಿಯಷ್ಟು ಜಾಗ ಹಿಡಿಯುತ್ತದೆ. ಅದನ್ನು ನೋಡಿ ಆಟ ನಿಲ್ಲಿಸಿದರೆ ಅಲ್ಲಿ ಅಂದಾಜಿಲ್ಲ, ಸತ್ಯವೇ ಇದೆ. ಅದಕ್ಕೆ 'ಕೋಷ್ಟಕದ ತೀರ್ಪು' ಎಂದು ಬರೆಯಲು ನನಗೆ ಅಳುಕಿಲ್ಲ. ಇಂಗ್ಲಿಷಿನವರು ಎರಡನ್ನೂ 'ಅಡ್ಜುಡಿಕೇಶನ್' ಎಂಬ ಒಂದೇ ಪದದಲ್ಲಿ ಮುಚ್ಚಿಹಾಕಿದ್ದಾರೆ. ಕನ್ನಡದಲ್ಲಿ ಬೇರ್ಪಡಿಸಬಹುದಾದರೆ ಏಕೆ ಬೇಡ?

ಉಳಿದದ್ದು ಅಂಕಿಯ ಗೆರೆ ನೋಡಿ ನಿಲ್ಲಿಸಿದ ಆಟ. ನನ್ನ ಮುಂದೆ ಎರಡು ಪದಗಳಿವೆ. ಒಂದು 'ಇತ್ಯರ್ಥ'. ಕಚೇರಿಗಳಲ್ಲಿ ಕಡತ ಇತ್ಯರ್ಥವಾಯಿತು ಎನ್ನುವಾಗ ಯಾರು ಸರಿ ಎಂದು ಯಾರೂ ಕೇಳುವುದಿಲ್ಲ, ಮುಂದೆ ಎಳೆಯುವುದಿಲ್ಲ ಎಂದಷ್ಟೇ. ಆ ನಿರ್ಲಿಪ್ತತೆ ಇಲ್ಲಿಗೆ ಹೇಳಿ ಮಾಡಿಸಿದಂತಿದೆ. ತೊಡಕೆಂದರೆ, ನಮ್ಮಲ್ಲಿ ಜಾಗದ ತಕರಾರು ನೋಡಿ ನೋಡಿ, ಇತ್ಯರ್ಥ ಎಂದೊಡನೆ ಅದರ ಬೆನ್ನಿಗೆ 'ರಾಜಿ' ಎಂಬುದೂ ಕೇಳಿಸುತ್ತದೆ. ಎಂಜಿನ್‌ಗಳು ರಾಜಿಯಾಗಿಲ್ಲ.

ಇನ್ನೊಂದು 'ಲೆಕ್ಕದ ಸೋಲು', ಅದರ ಜೋಡಿಯಾಗಿ 'ಲೆಕ್ಕದ ಡ್ರಾ'. ಆ ಹುಡುಗಿಯದೇ ಸಲಹೆ. ನನಗೆ ಒಲವು ಇದರ ಕಡೆಗೆ, ರೈಟರ್ ಎಂಬ ಪಕ್ಷಪಾತವೂ ಸೇರಿರಬಹುದು. ಮಕ್ಕಳ ಆಟದಲ್ಲಿ ಚಿಕ್ಕವನನ್ನು 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎನ್ನುತ್ತೇವಲ್ಲ, ಇದು ಅದರ ತಲೆಕೆಳಗು: ಲೆಕ್ಕಕ್ಕುಂಟು, ಆಟಕ್ಕಿಲ್ಲ. ಆದರೆ 'ಲೆಕ್ಕದ' ಎಂದರೆ ಓದುವವರಿಗೆ 'ಕಾಗದದ ಮೇಲಿನ, ನಿಜವಲ್ಲದ' ಎಂಬ ಕೊಂಕು ಕೇಳಿಸುತ್ತದೆಯೇ? ಕೇಳಿಸಿದರೆ, ನಿಜವಾಗಿಯೇ ಹೀನಾಯವಾಗಿ ಸೋತ ಎಂಜಿನ್‌ಗಳಿಗೂ ಅದೊಂದು ನೆಪವಾದೀತು.

ನಿಮ್ಮ ಕಡೆ ಇಂಥ ಅರ್ಥಕ್ಕೆ ಬೇರೆ ಮಾತಿದ್ದರೆ ತಿಳಿಸಿ. ಕೋಳಿ ಅಂಕದಲ್ಲೋ ಕಂಬಳದಲ್ಲೋ ಕುಸ್ತಿಯ ಅಖಾಡದಲ್ಲೋ, ಇನ್ನು ಸಾಕು ಎಂದು ಮೂರನೆಯವನು ನಿಲ್ಲಿಸಿದ್ದಕ್ಕೆ ಹೆಸರಿದ್ದೀತು. ಸೋತವನು ಒಪ್ಪಿದ್ದಾನೆಂಬ ಅರ್ಥ ಅದರಲ್ಲಿ ಬರಬಾರದು, ಅದೊಂದೇ ಷರತ್ತು. ಪಟ್ಟಿ ಅಂಟಿಸುವುದು ಮುಂದಿನ ಭಾನುವಾರ. ಕರೆಂಟಿದ್ದ ದಿನ ಎಲ್ಲರಿಗೂ ಉತ್ತರ ಬರೆಯುತ್ತೇನೆ.