ಫೋಟೋ ಯಾವ ಚರ್ಚಿನದು ಅಂತ ಯಾರಿಗೆ ಬೇಕು?

ದೊಡ್ಡಪ್ಪ: *ಹಲವು ಬಾರಿ ಫಾರ್ವರ್ಡ್ ಆಗಿದೆ* [ಫೋಟೋ] ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾ. 1453ರಲ್ಲಿ ಮಸೀದಿ ಮಾಡಿ ಚಿತ್ರಗಳನ್ನೆಲ್ಲ ಒಡೆದು ಹಾಕಿದರು. ಒಂದೂ ಉಳಿದಿಲ್ಲ. ಎಲ್ಲರಿಗೂ ಕಳಿಸಿ 🙏

ಸುಮತ್ತೆ: ಶುಭೋದಯ 🙏🙏

ವಿನಯ: ಯಾರು ಹೇಳಿದ್ದು ದೊಡ್ಡಪ್ಪ? ಎಲ್ಲಿ ಬಂದಿದೆ?

ದೊಡ್ಡಪ್ಪ: ನನ್ನ ಜೊತೆ ವಾಕಿಂಗ್ ಬರುವವರು ಕಳಿಸಿದ್ದು. ನಿವೃತ್ತ ಇಂಜಿನಿಯರು. ಸುಮ್ನೆ ಕಳಿಸುವವರಲ್ಲ.

ವಿನಯ: ಒಂದೂ ಉಳಿದಿಲ್ಲ ಅಂತ ಬರೆದು, ಉಳಿದಿರುವ ಚಿತ್ರದ ಫೋಟೋನೇ ಹಾಕಿದ್ದಾರಲ್ಲ! ಅದೂ ಹಾಗಿಯಾ ಸೋಫಿಯಾದ್ದಲ್ಲ, ಕೋರಾ ಚರ್ಚಿನದು. ಅದೇ ಊರು. ದೊಡ್ಡ ಪೇಟ ಸುತ್ತಿಕೊಂಡು ಮಂಡಿಯೂರಿದ್ದಾನಲ್ಲ, ಅವನು ಚಕ್ರವರ್ತಿಯ ಮಂತ್ರಿ ಥಿಯೋಡೋರ್ ಮೆಟೋಕೈಟಿಸ್. 1315–21ರ ಸುಮಾರಿಗೆ ಚರ್ಚನ್ನು ಜೀರ್ಣೋದ್ಧಾರ ಮಾಡಿಸಿದವನು. ಕೈಯಲ್ಲಿರುವುದು ಚರ್ಚಿನ ಪುಟ್ಟ ಮಾದರಿ, ಯೇಸುವಿಗೆ ಒಪ್ಪಿಸುತ್ತಿದ್ದಾನೆ.

ಸುಮತ್ತೆ: ಪೇಟ ನೋಡಿ ಅಣ್ಣನ ಮದುವೆ ನೆನಪಾಯ್ತು. ಧಾರೆ ಹೊತ್ತಿಗೆ ಸರಿಯಾಗಿ ಕಣ್ಣಿನ ಮೇಲೆ ಜಾರಿತ್ತು 😂

ಚಿಕ್ಕಪ್ಪ: ಆ ಆಲ್ಬಂನಲ್ಲಿ ನಮ್ಮ ಫೋಟೋ ಒಂದೂ ಇಲ್ಲ. ಬಿಡು.

ದೊಡ್ಡಪ್ಪ: ಯಾವ ಚರ್ಚಾದರೇನು? ಮಸೀದಿ ಮಾಡಿದ್ದು ನಿಜ ತಾನೆ? ಪುಸ್ತಕ ಓದಿದವರಿಗೆ ದೊಡ್ಡವರ ಮೇಲೆ ಗೌರವ ಇರಬೇಕು.

ಅನು: ನಿಜ ದೊಡ್ಡಪ್ಪ. ಆದರೆ ಕೋರಾವನ್ನು ಮಾಡಿದ್ದು ತುರ್ಕರು ಊರು ಗೆದ್ದ 1453ರಲ್ಲಿ ಅಲ್ಲ. ಸುಮಾರು ಐವತ್ತು ವರ್ಷ ಆದ ಮೇಲೆ, ಸುಲ್ತಾನ್ 2ನೇ ಬಯಾಜಿದ್‌ನ ವಜೀರ ಅತೀಕ್ ಅಲಿ ಪಾಷಾ ಮಾಡಿಸಿದ್ದು. ಚಿತ್ರಗಳು ಗಾರೆ, ಸುಣ್ಣದ ಕೆಳಗೆ ಮುಚ್ಚಿಹೋದವು. 1948ರಿಂದ ಅಮೆರಿಕದ ತಜ್ಞರು ಆ ಗಾರೆ ತೆಗೆದು ಚಿತ್ರಗಳನ್ನು ಸ್ವಚ್ಛ ಮಾಡಿದರು. ಹಾಗಿಯಾ ಸೋಫಿಯಾದಲ್ಲೂ ಕೆಲವು ಉಳಿದಿವೆ. ಹಾಗಂತ ಏನೂ ಹಾಳಾಗಲಿಲ್ಲ ಅಂತಲ್ಲ. 1453ರಲ್ಲಿ ಕೋರಾದಲ್ಲಿಟ್ಟಿದ್ದ ಮೇರಿ ಮಾತೆಯ ಚಿತ್ರವನ್ನು ಸೈನಿಕರು ತುಂಡು ಮಾಡಿದರು ಅಂತ ಆ ಕಾಲದ ಇತಿಹಾಸಕಾರ ಡೂಕಾಸ್ ಬರೆದಿದ್ದಾನೆ.

ದೊಡ್ಡಪ್ಪ: ನೋಡಿದಿರಾ! ನಾನು ಹೇಳಿದ್ದೂ ಅದನ್ನೇ 👆

(ಅಷ್ಟು ಉದ್ದದ ಮೆಸೇಜಿನಲ್ಲಿ ಅವರು ಓದಿದ್ದು ಕೊನೆಯ ಸಾಲು ಮಾತ್ರ.)

ವಿನಯ: ಕೋರಾ 1945ರಲ್ಲಿ ಮ್ಯೂಸಿಯಂ ಆಯ್ತು, 2020ರಲ್ಲಿ ಮತ್ತೆ ಮಸೀದಿ ಅಂತ ಆದೇಶ ಬಂತು, 2024ರ ಮೇನಲ್ಲಿ ನಮಾಜ್ ಶುರುವಾಯ್ತು. ಜಗಳ ಮಾಡುವುದಾದರೆ ಅದರ ಬಗ್ಗೆ ಮಾಡಿ.

ಅನು: ಮ್ಯೂಸಿಯಂ ಇದ್ದಾಗ ನಾನು ನೋಡಿದ್ದೆ. ಅಲ್ಲಿನ ಒಂದು ಚಿತ್ರದಲ್ಲಿ ಯೇಸು ಆಡಮ್ ಮತ್ತು ಈವ್‌ರ ಮಣಿಕಟ್ಟು ಹಿಡಿದು ಗೋರಿಯಿಂದ ಎಳೆಯುತ್ತಿದ್ದಾನೆ. ಕಾಲ ಕೆಳಗೆ ಮುರಿದ ಬೀಗ, ಕೀಲಿ ಚೆಲ್ಲಾಡಿವೆ. ಕತ್ತು ನೋಯುವ ತನಕ ನೋಡಿದೆ.

ಚಿಕ್ಕಮ್ಮ: ಟರ್ಕಿಗೆ ಹೋಗಿದ್ಯಾ? ಯಾವಾಗ? ನಮ್ಮ ಗೃಹಪ್ರವೇಶಕ್ಕೆ ಮಾತ್ರ ರಜಾ ಸಿಗಲಿಲ್ಲ ಅಲ್ವಾ.

ಅನು: ಚಿಕ್ಕಮ್ಮ, ಅದು ಬೇರೆ ವರ್ಷ.

ದೊಡ್ಡಪ್ಪ: ಗೃಹಪ್ರವೇಶದ ಮಾತು ಬಂತಲ್ಲ, ಅದಕ್ಕೆ ಕೇಳುತ್ತೇನೆ. ಆವತ್ತು ತಗೊಂಡು ಹೋದ ನಮ್ಮ ಹಿತ್ತಾಳೆ ಕೊಳಗ ಯಾರ ಮನೆಯಲ್ಲಿದೆ?

ಸುಮತ್ತೆ: ಅಣ್ಣ, ಫೋನ್ ಮಾಡ್ತೀನಿ. ಇಲ್ಲಿ ಬೇಡ.