ಸಹಾಯ ಬೇಕು: ಅಜ್ಜಿಯ ಮುಖ ಸುಣ್ಣದ ಗೋಡೆ ಥರ ಆಗಿದೆ!

ಎಲ್ಲರಿಗೂ ನಮಸ್ಕಾರ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳನ್ನು ನೋಡಿ ಬಂದಮೇಲೆ ತಲೆಗೆ ಹುಳ ಹೊಕ್ಕಿತು, ನಾನೂ ಎಣ್ಣೆ ಬಣ್ಣದಲ್ಲಿ ಅಜ್ಜಿಯ ಮುಖ ಬರೀಬೇಕು ಅಂತ. ಅಲ್ಲೇ ಇರೋ ದೀಪ ಹಿಡಿದ ಹೆಂಗಸಿನ ಚಿತ್ರ ಹಲ್ದಂಕರ್ ಅವರದ್ದು, ಅದೂ ಜಲವರ್ಣವಂತೆ, ಇಷ್ಟು ದಿನ ಎಣ್ಣೆ ಬಣ್ಣ ಅಂದುಕೊಂಡಿದ್ದೆ ನೋಡಿ!

ಇರಲಿ. ಕಡು ಕಂದು ಬಣ್ಣದ ಬರ್ನ್ಟ್ ಅಂಬರ್‌ಗೆ ಟರ್ಪೆಂಟೈನ್ ಸೇರಿಸಿ ತೆಳುವಾಗಿ ನೆರಳು ಬೆಳಕು ಹಾಕಿದೆ. ಅಲ್ಲಿವರೆಗೆ ಅಜ್ಜಿ ಅಜ್ಜಿಯೇ ಆಗಿದ್ದರು. ಬಣ್ಣ ಶುರು ಮಾಡಿದ್ದೇ ತಡ, ಕೆಟ್ಟಿತು. ಕೆನ್ನೆಗೆ ಬೆಳಕು ಬರಲಿ ಅಂತ ಟೈಟಾನಿಯಂ ವೈಟ್ ಸೇರಿಸಿದಷ್ಟೂ ಮುಖ ಬೂದಿ ಬಳಿದ ಹಾಗೆ ಕಾಣುತ್ತಿದೆ. ಮೂಗುಬೊಟ್ಟಿನ ಪಕ್ಕದ ನೆರಳು ಮಾತ್ರ ಚೆನ್ನಾಗಿ ಬಂದಿದೆ, ಅಲ್ಲಿ ಬಿಳಿ ಹಾಕೇ ಇಲ್ಲ. ಇರೋ ಫೋಟೊ ಕಪ್ಪು ಬಿಳುಪು, ಮೈಬಣ್ಣಕ್ಕೆ ನೆನಪೇ ಗತಿ. ಬಿಳಿ ಕಡಿಮೆ ಮಾಡಿ ಯೆಲ್ಲೋ ಓಕರ್ (ಮಣ್ಣಿನ ಹಳದಿ) ಜಾಸ್ತಿ ಮಾಡಲಾ?

ಇನ್ನೊಂದು. ಕೆಳಗಿನ ಪದರಕ್ಕಿಂತ ಮೇಲಿನದರಲ್ಲಿ ಎಣ್ಣೆ ಜಾಸ್ತಿ ಇರಬೇಕು, ಇಲ್ಲಾಂದ್ರೆ ಬಿರುಕು ಬಿಡುತ್ತದೆ ಅನ್ನೋದು ಗೊತ್ತು. ಆದರೆ ಈ ಮಳೆಯಲ್ಲಿ ಹತ್ತು ದಿನ ಆದರೂ ಕೆನ್ನೆ ಮುಟ್ಟಿದರೆ ಬೆರಳಿಗೆ ಅಂಟುತ್ತಿದೆ. ಹೀಗೇ ಮುಂದುವರಿಸಬಹುದಾ, ಕಾಯಬೇಕಾ? ಕೈಯಾರೆ ಮಾಡಿ ನೋಡಿದವರು ದಯವಿಟ್ಟು ಹೇಳಿ.